ಕೆಳಗಿನ ಸಾಲಿನ ಹನ್ನೊಂದು ಮುಖಗಳು

ಆ ಫ್ಲೆಕ್ಸ್ ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರ ಇತ್ತು. ಅದರಲ್ಲಿ ನನ್ನದು ಎನ್ನಬಹುದಾದದ್ದು ಒಂದೇ ಸಾಲು: ‘ಕುಣಿಯ ಮಣ್ಣು ಆರುವ ಮೊದಲೇ ಉತ್ತರ ಕೊಡುತ್ತೇವೆ.’ ಕುಣಿ ಎಂದರೆ ನಮ್ಮ ಕಡೆ ಹೆಣ ಹೂಳುವ ಗುಂಡಿ. ಆ ಸಾಲಿಗಾಗಿ ಬಾದಾಮಿಯ ಲಾಡ್ಜಿನ ಊಟದ ಹಾಲಿನಲ್ಲಿ ನಿರ್ದೇಶಕರ ಜೊತೆ ಮುಕ್ಕಾಲು ಗಂಟೆ ವಾದ ಮಾಡಿ ಗೆದ್ದಿದ್ದೆ. ಗೆಲ್ಲಬಾರದಿತ್ತು.

ಸಿನೆಮಾ ರಾಜಕೀಯದ್ದು. ತಾಲ್ಲೂಕಿನ ನಾಯಕನೊಬ್ಬನ ಕೊಲೆಯಾಗುತ್ತದೆ. ಮಗ ಸೇಡಿಗೆ ಇಳಿಯುತ್ತಾನೆ, ಆ ಸೇಡಿನ ಬಲದಿಂದಲೇ ಅಪ್ಪನ ಕುರ್ಚಿಗೆ ಬರುತ್ತಾನೆ, ಕೊನೆಗೆ ತಾನು ಕೊಂದವನು ಅಪ್ಪನನ್ನು ಕೊಂದವನಲ್ಲ ಎಂದು ಗೊತ್ತಾಗುತ್ತದೆ. ನನಗಿದ್ದದ್ದು ಎರಡು ಕೆಲಸ. ಬೆಂಗಳೂರಿನಲ್ಲಿ ಬರೆದ ಮಾತುಗಳನ್ನು ನಮ್ಮ ಕಡೆಯ ಮಾತಿಗೆ ತರುವುದು ಒಂದು. ಕಂಟಿನ್ಯೂಟಿ ನೋಡಿಕೊಳ್ಳುವುದು ಇನ್ನೊಂದು. ಅಂದರೆ, ಒಂದು ಶಾಟಿನಲ್ಲಿ ಎಡಗೈಯಲ್ಲಿದ್ದ ಚಹಾದ ಕಪ್ಪು ಮುಂದಿನ ಶಾಟಿಗೆ ಬಲಗೈಗೆ ಹೋಗದಂತೆ ಕಾಯುವುದು. ಬಾಗಲಕೋಟೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ನಿಂತು ಕಪ್ ತಂದವಳು ನಾನು. ಎದುರಿಗಿರುವವರ ಮಾತಿನಲ್ಲಿ ಎಲ್ಲಿ ತೂತಿದೆ ಎಂದು ಹುಡುಕುವುದು ನನಗೆ ಚಟ. ಎರಡೂ ಕೆಲಸಕ್ಕೆ ಆ ಚಟ ಒಗ್ಗಿತ್ತು.

“ಇಷ್ಟು ನೇರವಾಗಿ ಯಾರಾದ್ರೂ ಫ್ಲೆಕ್ಸ್ ಮೇಲೆ ಹಾಕಿಸ್ತಾರೇನಮ್ಮ?” ನಿರ್ದೇಶಕರು ಅವತ್ತು ಕೇಳಿದ್ದರು. “ಭಾವಪೂರ್ಣ ಶ್ರದ್ಧಾಂಜಲಿ ಅಂತಿದ್ರೆ ಸಾಕಲ್ವಾ?”

“ಸರ್, ಶ್ರದ್ಧಾಂಜಲಿಗೆ ಯಾರೂ ಹೆದರೋದಿಲ್ಲ. ನಿಮ್ಮ ಸಿನೆಮಾ ಹೆದರಿಕೆಯ ಮೇಲೆ ನಿಂತಿದೆ. ಆ ಹೆದರಿಕೆ ಮೊದಲ ಸಲ ಎಲ್ಲಿ ಕಾಣುತ್ತೆ ಹೇಳಿ?”

ಸಾಲು ಉಳಿಯಿತು.

ಮರುದಿನ ಇಳಕಲ್ಲಿಗೆ ಹೋದೆ. ಅಲ್ಲಿಯ ಫ್ಲೆಕ್ಸ್ ಅಂಗಡಿಯ ಚಾಚಾ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ ಮನೆತನದವರು. ನಾನು ತಂದ ಕೆಂಪು ಬಣ್ಣದ ಮಾದರಿ ನೋಡಿ, “ಇದು ಕುಂಕುಮಾನೂ ಅಲ್ಲ, ರಕ್ತಾನೂ ಅಲ್ಲ, ಐಸ್‌ಕ್ರೀಮ್ ಆತಲ್ಲ ಬೇಟಿ,” ಎಂದು ತೆರೆಯ ಮೇಲೆ ತಾವೇ ಬೇರೆ ಕೆಂಪು ಬೆರೆಸಿದರು. ಕಂಪ್ಯೂಟರಿನಲ್ಲಿದ್ದ ಹಳೆಯ ಪುಣ್ಯಸ್ಮರಣೆಯ ಫ್ಲೆಕ್ಸುಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ನಾನು ಒಂದನ್ನು ಆರಿಸಿದೆ. ಯಾರದ್ದು ಎಂದು ಕೇಳಲಿಲ್ಲ. ದೊಡ್ಡ ಫೋಟೋ ತೆಗೆದು ನಮ್ಮ ನಟರದ್ದು ಕೂರಿಸಿದರು, ಹೆಸರು ಬದಲಿಸಿದರು, ನನ್ನ ಸಾಲು ಹಾಕಿದರು. ಕೆಳಗೆ ಅಂಚೆ ಚೀಟಿಯಂಥ ಹನ್ನೊಂದು ಸಣ್ಣ ಮುಖಗಳು ಉಳಿದವು. ಅವುಗಳ ಅಡಿಯ ಹೆಸರುಗಳನ್ನಷ್ಟೇ ಅಳಿಸಿದರು.

“ಇವನ್ನೂ ಬದಲಿ ಮಾಡೂದು ಬ್ಯಾಡೇನು? ನಿಮ್ಮ ಮಂದೀದು ಫೋಟೋ ಕೊಡ್ರಿ.”

“ಚಾಚಾ, ಕ್ಯಾಮೆರಾ ನಲವತ್ತು ಅಡಿ ದೂರ ಇರ್ತದ. ಇವು ಚುಕ್ಕಿ ಕಂಡಂಗ ಕಾಣ್ತಾವ.”

“ಬೇಟಿ, ನಮ್ಮ ಮಂದಿ ಮೊದ್ಲ ನೋಡೂದ ಅದನ್ನ.”

“ನೋಡೂದು ಕ್ಯಾಮೆರಾ ರೀ. ಮಂದಿ ಅಲ್ಲ.”

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಪ್ರಿಂಟಿಗೆ ಕೊಟ್ಟರು. ಅವರು ಹೇಳಿದ್ದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನಮ್ಮ ಜಿಲ್ಲೆಯಲ್ಲಿ ಫ್ಲೆಕ್ಸನ್ನು ಓದುವುದೇ ಕೆಳಗಿನಿಂದ. ಮೇಲಿನ ದೊಡ್ಡ ಮುಖ ಎಲ್ಲರಿಗೂ ಗೊತ್ತಿರುವುದೇ. ಕೆಳಗೆ ಯಾರ ಪಕ್ಕದಲ್ಲಿ ಯಾರಿದ್ದಾರೆ, ಯಾರು ಹೊಸದಾಗಿ ಸೇರಿದರು, ಯಾರನ್ನು ತೆಗೆದರು, ಇದೇ ಸುದ್ದಿ. ನನ್ನ ಅಪ್ಪ ನವನಗರದ ಬಸ್‌ಸ್ಟಾಪಿನಲ್ಲಿ ನಿಂತು ಹಾಗೆಯೇ ಓದುತ್ತಾರೆ. ಗೊತ್ತಿದ್ದೂ ಕ್ಯಾಮೆರಾದ ಕಣ್ಣನ್ನು ಎರವಲು ಪಡೆದು ಮಾತಾಡಿದೆ.

ಹುನಗುಂದದಿಂದ ಕೂಡಲಸಂಗಮದ ಕಡೆ ಹೋಗುವ ರಸ್ತೆಯ ಪಕ್ಕ ಮುಚ್ಚಿಹೋದ ಹತ್ತಿ ಜಿನ್ನಿಂಗ್ ಕಾರ್ಖಾನೆ ಒಂದಿದೆ. ಅದರ ಅಂಗಳದಲ್ಲಿ ನಾಯಕನ ಅಂತ್ಯಕ್ರಿಯೆಯ ದೃಶ್ಯ. ಬೆಳಿಗ್ಗೆ ಬೇಗ ಶುರು ಮಾಡಬೇಕೆಂದು ಹಿಂದಿನ ದಿನವೇ, ಮಧ್ಯಾಹ್ನ, ಫ್ಲೆಕ್ಸನ್ನು ಗೇಟಿನ ಮೇಲೆ ಕಟ್ಟಿಸಿದೆ. ಅದರ ಮುಖ ರಸ್ತೆಯ ಕಡೆಗಿತ್ತು. ಬಸ್ಸುಗಳು ಅದರ ಕೆಳಗೇ ತಿರುಗುತ್ತಿದ್ದವು.

ಶೂಟಿಂಗಿನ ದಿನ ಎಲ್ಲ ಸರಿಯಾಗಿಯೇ ಶುರುವಾಯಿತು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಶೃಂಗರಿಸಿದ, ಪಲ್ಲಕ್ಕಿಯಂಥ ವಿಮಾನದಲ್ಲಿ ಕೂರಿಸುತ್ತಾರೆ. ನಾಯಕನ ಪಾತ್ರಕ್ಕೆ ಬಂದವರು ನಾಟಕ ಕಂಪನಿಯ ಹಳೆಯ ನಟ. ಹಣೆತುಂಬ ವಿಭೂತಿ, ಅಂಟಿಸಿದ ಮೀಸೆ, ಮೂಗಿನಲ್ಲಿ ಹತ್ತಿ, ಕೊರಳಲ್ಲಿ ಹಾರ. ಉಸಿರು ಕಾಣದಂತೆ ಕೂತೇ ಇದ್ದರು. ಆರು ಶಾಟ್ ಮುಗಿದಿದ್ದವು, ಎರಡು ಬಾಕಿ. ನಾನು ಪುಸ್ತಕದಲ್ಲಿ ಹಾರದ ಹೂವಿನ ಸ್ಥಾನ ಗುರುತು ಮಾಡುತ್ತಿದ್ದೆ. ಆಗ ಅಳುವ ಗುಂಪಿಗೆ ಬಂದಿದ್ದ ಹೆಂಗಸರಲ್ಲಿ ಒಬ್ಬರು, ಐವತ್ತರ ಆಸುಪಾಸಿನ ಅಕ್ಕ, ನನ್ನ ತೋಳು ಹಿಡಿದರು.

“ತಂಗಿ, ಆ ಕೆಳಗಿನ ಫೋಟೋ ನಮ್ಮೂರವರವು ಅಲ್ಲನ?”

“ಯಾವ ಊರು ಅಕ್ಕಾರ?”

ಅವರು ರಸ್ತೆಯ ಕಡೆ ಕೈ ತೋರಿಸಿದರು. ಆರೇಳು ಕಿಲೋಮೀಟರ್. “ನಡುವಿನಾಂವ ಮೋಟರ್ ರಿಪೇರಿ ಮಾಡಾಂವ. ಅವರಪ್ಪನ್ನ ಪಂಚಾಯ್ತಿ ಇಲೆಕ್ಷನ್ ಜಗಳದಾಗ ಕಡದ್ರು. ಎಂಟು ವರ್ಷಾತು. ಕಡದಾನ ಅಂತ ಹಿಡದಿದ್ದಾಂವ ಕೋರ್ಟಿನ್ಯಾಗ ಬಿಡುಗಡಿ ಆಗಿ ಬಂದು ಮ್ಯಾಲಿನ ಓಣ್ಯಾಗ ಅದಾನ. ಇದನ್ನ ಯಾಕ ಬರಸ್ಯಾರ ಇವ್ರು?”

ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಅನುಮಾನ. ಸಣ್ಣ ಫೋಟೋಗಳಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ. “ಅವ್ರೇ ಅಂತ ಹೆಂಗ ಹೇಳ್ತೀರಿ?” ಎಂದೆ. ಅಕ್ಕ ವಾದ ಮಾಡಲಿಲ್ಲ. ಸೆರಗಿನಿಂದ ಫೋನ್ ತೆಗೆದು ತೋರಿಸಿದರು. ಊರಿನ ವಾಟ್ಸಾಪ್ ಗುಂಪಿಗೆ ಯಾರೋ ಬಸ್ಸಿನಿಂದ ತೆಗೆದ ಚಿತ್ರ ಬಂದಿತ್ತು. ಮೇಲಿನ ದೊಡ್ಡ ಮುಖವನ್ನೂ ಹೆಸರನ್ನೂ ಕತ್ತರಿಸಿದ್ದರು. ಉಳಿದದ್ದು ನನ್ನ ಸಾಲು, ಅದರ ಕೆಳಗೆ ಹನ್ನೊಂದು ಮುಖಗಳು. ಕೆಳಗೆ ಯಾರೋ ಬರೆದಿದ್ದರು: ‘ಕಡೀಕೂ ಎದ್ದ ನಿಂತ್ರು.’

ಎದುರಾಳಿಯ ಮಾತನ್ನು ತುಂಡು ಮಾಡಿ, ಬೇಕಾದಷ್ಟನ್ನೇ ಎತ್ತಿ ತೋರಿಸುವುದು ವೇದಿಕೆಯ ಮೇಲೆ ನಾನೇ ಎಷ್ಟೋ ಸಲ ಮಾಡಿದ ಕಸುಬು. ಅದನ್ನು ಈ ಕಡೆಯಿಂದ ನೋಡಿದ್ದು ಅದೇ ಮೊದಲು. ಪುಸ್ತಕ ಮುಚ್ಚಿ ಆ ಚಿತ್ರವನ್ನು ಹಿಗ್ಗಿಸಿ ನೋಡಿದೆ.

“ಮುಂಜಾನೆ ಮ್ಯಾಲಿನ ಓಣಿಯಾಂವನ ಹೆಂಡತಿ ತಮ್ಮಂದ್ರು ಬೀಳಗಿ ಕಡಿಂದ ಬಂದಾರ,” ಎಂದರು ಅಕ್ಕ. “ಎರಡ ಗಾಡಿ. ಸಂಜೀತನ ಸುಮ್ನ ಕುಂದ್ರು ಮಂದಿ ಅಲ್ಲ ಅವ್ರು.”

ನಿರ್ದೇಶಕರಿಗೆ ಹೇಳಿದೆ. ಅವರು ಫ್ಲೆಕ್ಸ್ ನೋಡಿದರು, ಗಡಿಯಾರ ನೋಡಿದರು.

“ಎರಡು ಶಾಟ್ ಮುಗಿಸಿ ಬಿಚ್ಚಿಬಿಡೋಣ. ಯಾರಿಗೂ ಗೊತ್ತಾಗಲ್ಲ.”

“ಗೊತ್ತಾಗಿದೆ ಸರ್. ಬಿಚ್ಚಿದರೆ ಹೆದರಿ ಬಿಚ್ಚಿದರು ಅನ್ನುತ್ತಾರೆ, ಇಲ್ಲ ಪೊಲೀಸರು ಬಿಚ್ಚಿಸಿದರು ಅನ್ನುತ್ತಾರೆ. ಎರಡೂ ಇದನ್ನು ನಿಜ ಮಾಡುತ್ತವೆ.”

“ಹಾಗಾದ್ರೆ ಪೊಲೀಸರಿಗೆ ಹೇಳೋಣ.”

“ಹೇಳಿ, ಈಗಲೇ. ಆದರೆ ಪೊಲೀಸ್ ಜೀಪು ಊರೊಳಗೆ ಹೋಗೋಕೆ ಮೊದಲು ಯಾರಾದರೂ ಹೋಗಿ ಇದು ಸುಳ್ಳು ಅಂತ ಹೇಳಬೇಕು.”

“ಯಾರು ಹೋಗ್ತಾರೆ?” ಎಂದು ಕೇಳಿದ ಅವರೇ ಮತ್ತೆ, “ನಿಂದೇ ಸಾಲು,” ಎಂದರು. ಚುಚ್ಚುವ ದನಿಯಲ್ಲಿ ಹೇಳಲಿಲ್ಲ. ಹೇಳಿ ಸ್ಟೇಷನ್ನಿಗೆ ಫೋನ್ ಮಾಡಲು ಹೊರಟರು.

ಕಂಟಿನ್ಯೂಟಿ ನೋಡುವವಳೇ, ಎರಡು ಶಾಟ್ ಬಾಕಿ ಇರುವಾಗ, ಸೆಟ್ಟಿನ ಮುಖ್ಯ ವಸ್ತುವನ್ನು ಬಿಚ್ಚಿ ನಮ್ಮ ಯೂನಿಟ್ಟಿನ ಜೀಪಿಗೆ ಹಾಕಿದೆ. ಕತ್ತರಿಸಿದ ಚಿತ್ರಕ್ಕೆ ಉತ್ತರ ಪೂರ್ತಿ ಚಿತ್ರವೇ ಎಂಬುದು ನನ್ನ ತರ್ಕ. ಪೂರ್ತಿ ಚಿತ್ರದಲ್ಲಿದ್ದ ಮನುಷ್ಯ ಬದುಕಿದ್ದಾನೆ ಎಂಬುದು ಎರಡನೆಯ ತರ್ಕ. ನಟರು ಮೂಗಿನ ಹತ್ತಿ ತೆಗೆದು, ಹಾರ ಬಿಚ್ಚಿಟ್ಟು, ವಿಭೂತಿ ಮೀಸೆಗಳ ಸಮೇತ ಜೀಪು ಹತ್ತಿದರು. “ನಾಟಕದಾಗ ಸತ್ತು ಎದ್ದು ಬಂದೇನಿ, ಸಿನೆಮಾದಾಗ ಇದ ಮೊದ್ಲ,” ಎಂದರು. ಯಾರೂ ನಗಲಿಲ್ಲ. ದಾರಿ ತೋರಿಸಲು ಅಕ್ಕನೂ ಹತ್ತಿದರು.

“ಮೊದ್ಲ ಆ ಮೋಟರ್ ರಿಪೇರಿಯಾಂವನ ಮನಿಗೆ ಹೋಗೂಣು,” ಎಂದೆ. “ಅವನ ಫೋಟೋನ ಅಲ್ರಿ ಅಲ್ಲಿ ಇರೂದು. ಅವನ ಕಡಿಂದ ಇಲ್ಲ ಅನಸಿದ್ರ…”

“ಬ್ಯಾಡ,” ಎಂದರು ಅಕ್ಕ. “ಮೊದ್ಲ ಹೆದರಿದಾಂವನ ಮನಿಗೆ ನಡಿ. ಹೊಡ್ಯಾಕ ಬರಾಂವ ಹೆದರಿದಾಂವನ.”

ನನ್ನ ವಾದಕ್ಕೆ ಇಲ್ಲದ ಬುದ್ಧಿ ಅದರಲ್ಲಿತ್ತು.

ಮೇಲಿನ ಓಣಿಯ ಆ ಮನೆಯ ಕದ ಹಾಕಿತ್ತು. ಹಗಲು ಮೂರು ಗಂಟೆ. ವಸ್ತುಗಳನ್ನು ಎಣಿಸುವುದು ನನ್ನ ಕೆಲಸವಾದ್ದರಿಂದ ಎಣಿಸಿದೆ. ಹೊರಗೆ ಏಳು ಜೊತೆ ಚಪ್ಪಲಿ, ಐದು ಗಂಡಸರವು. ಎರಡು ಬೈಕು, ಮುಖ ರಸ್ತೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದವು. ಬಾಗಿಲ ಪಕ್ಕ ಮಸೆಯುವ ಕಲ್ಲು. ಒದ್ದೆ.

ಅಕ್ಕ ಕದ ಬಡಿದರು.

“ಯಾರು?”

“ನಾನಪಾ, ಕೆಳಗಿನ ಓಣಿಯಾಕಿ.”

“ಜೋಡಿ ಯಾರು?”

“ಸಿನೆಮಾದವ್ರು.”

“ನಮ್ಮ ಮನ್ಯಾಗ ಏನ್ ಸಿನೆಮಾ ಐತಿ? ಹೋಗಂತ ಹೇಳು.”

ನಾನು ಕದಕ್ಕೆ ಬಾಯಿ ಹಚ್ಚಿ ಮಾತು ಶುರು ಮಾಡಿದೆ. ಮೊದಲನೆಯದಾಗಿ ಆ ಫ್ಲೆಕ್ಸ್ ನಮ್ಮದು. ಎರಡನೆಯದಾಗಿ ಆ ಫೋಟೋಗಳು ಅಂಗಡಿಯ ಹಳೆಯ ಫೈಲಿನಿಂದ ಬಂದವು. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಒಳಗಿನಿಂದ ಹರೆಯದ ದನಿಯೊಂದು ಕೇಳಿತು: “ಕಲತಾಕಿನ್ನ ಮುಂದ ಬಿಟ್ಟಾರ ನೋಡ ಮಾವಾ. ಹೆಂಗ ಬಾಯಿಪಾಠ ಒಪ್ಪಸಾಕ್ಹತ್ತಾಳ. ಹಿಂದ ಯಾರದಾರೋ!”

ಅಲ್ಲಿಗೆ ನನ್ನ ಮಾತು ನಿಂತಿತು. ಎಷ್ಟು ಚೆನ್ನಾಗಿ ವಾದಿಸುತ್ತೇನೋ ಅಷ್ಟು ಸುಳ್ಳುಗಾತಿಯಂತೆ ಕೇಳಿಸುತ್ತಿದ್ದೆ. ಬೆನ್ನ ಹಿಂದೆ ಓಣಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಓಡಿಹೋಗಬೇಕು ಎನಿಸಿತು. ಖರೆ ಹೇಳುತ್ತೇನೆ, ಜೀಪು ಎಷ್ಟು ಹೆಜ್ಜೆ ದೂರದಲ್ಲಿದೆ ಎಂದು ತಿರುಗಿ ನೋಡಿದೆ ಕೂಡ.

ಆಗ ನಟರು ಮುಂದೆ ಬಂದರು. ಕಂಪನಿ ನಾಟಕದ ಕೊನೆಯ ಸಾಲಿನವರೆಗೆ ಮುಟ್ಟುವ ಕಂಠ.

“ಯಜಮಾನ್ರ, ಆ ಫ್ಲೆಕ್ಸಿನ್ಯಾಗ ಸತ್ತಾಂವ ನಾನ ರೀ! ಮುಂಜಾನಿಂದ ಹೆಣಾ ಆಗಿ ಕುಂತು ಸೊಂಟ ಹಿಡದೈತಿ. ಒಂದು ತಂಬಗಿ ನೀರ ಕೊಟ್ರ ಕುಡದು ಹೊಕ್ಕೇನಿ.”

ಕಿಟಕಿ ಎರಡು ಬೆರಳಷ್ಟು ತೆರೆಯಿತು. ಅಕ್ಕ, ಡ್ರೈವರ್, ನಾನು ಮೂವರೂ ಸೇರಿ ಓಣಿಯ ತುಂಬ ಫ್ಲೆಕ್ಸನ್ನು ಬಿಚ್ಚಿ ಹಾಸಿದೆವು. ನಟರು ತಮ್ಮದೇ ದೊಡ್ಡ ಮುಖದ ಪಕ್ಕ, ಅದೇ ವಿಭೂತಿಯಲ್ಲಿ, ಕೈಕಟ್ಟಿ ನಿಂತರು. ಒಳಗೊಬ್ಬ ಹೆಂಗಸು “ಅಯ್ಯಯ್ಯ!” ಎಂದು ಚೀರಿದಳು.

ಕದದ ಅಗುಳಿಗಳು ಸರಿದವು. ಒಂದು, ಎರಡು, ಮೂರು. ಹೊರಗೆ ಬಂದವನಿಗೆ ನನ್ನ ಅಪ್ಪನ ವಯಸ್ಸು. ಹಿಂದೆ ನಾಲ್ವರು ಗಂಡಸರು, ಒಬ್ಬನ ಕೈಯಲ್ಲಿ ಕೊಡಲಿ. ಆತ ಫ್ಲೆಕ್ಸ್ ನೋಡಿದ, ನಟರನ್ನು ನೋಡಿದ, ಹತ್ತಿರ ಬಂದ. ಕೈಯೆತ್ತಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಚರ್ ಎಂಬ ಸದ್ದು. ತೆರೆದು ನೋಡಿದರೆ ಆತನ ಕೈಯಲ್ಲಿ ಅರ್ಧ ಮೀಸೆ.

“ಗಟ್ಟಿ ಗೋಂದು ಐತ್ರಿ,” ಎಂದರು ನಟರು ನೋವಿನಿಂದ. “ಇನ್ನರ್ಧಾ ಸಾವಕಾಶ ತಗೀರಿ.”

ಆತನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ನಗು ಹಾಗೆಯೇ ಅಳುವಾಯಿತು, ನಿಲ್ಲಲಿಲ್ಲ.

ಕೊಡಲಿಯವನು, “ಇವತ್ತ ಸಿನೆಮಾ, ನಾಳೆ ಖರೇ ಮಾಡ್ರಿ ಅಂತ ತೋರಿಸಿಕೊಡಾಕ ಬಂದಾರ,” ಎಂದ. ಮನೆಯಾತ ಅವನ ಕಡೆ ತಿರುಗಲಿಲ್ಲ. ನನ್ನನ್ನು ಕೇಳಿದ:

“ಹಂಗಾದ್ರ ಇದು ಆ ಹುಡುಗಗೂ ಗೊತ್ತಿಲ್ಲ?”

“ಗೊತ್ತಿಲ್ರಿ. ತಪ್ಪು ನಂದು.”

ಆತ ಕಟ್ಟೆಯ ಮೇಲೆ ಕೂತ. ಕೂತ ಮೇಲೂ ಬೆನ್ನನ್ನು ಗೋಡೆಗೆ ಒತ್ತಿ, ಓಣಿಯ ಎರಡೂ ತುದಿ ಒಮ್ಮೆ ನೋಡಿದ. ಎಂಟು ವರ್ಷದ ಅಭ್ಯಾಸ. ಈತ ಕೊಂದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಸಾಕ್ಷಿ ಸಾಲದೆ ಬಿಡುಗಡೆಯಾಗುವುದಕ್ಕೂ ಮಾಡದೆ ಇರುವುದಕ್ಕೂ ವ್ಯತ್ಯಾಸ ಇದೆ, ಅದನ್ನು ಎಲ್ಲರಿಗಿಂತ ಮೊದಲು ಎತ್ತಿ ತೋರಿಸುವವಳು ನಾನೇ. ಅವತ್ತು ಕೇಳುವ ಧೈರ್ಯ ಬರಲಿಲ್ಲ. ನಮ್ಮ ಸಿನೆಮಾದಲ್ಲಿ ಕೊಲೆಯ ಬೆಲೆ ಕೊನೆಯ ಇಪ್ಪತ್ತು ನಿಮಿಷದಲ್ಲಿ ತಿಳಿಯುತ್ತದೆ. ಇಲ್ಲಿ ಅದು ಕಟ್ಟೆಯ ಮೇಲೆ ಹೇಗೆ ಕೂರಬೇಕು ಎಂಬುದರಲ್ಲಿತ್ತು.

“ಅಂವಾ ಈಗ ನನಗ ಹೆದರಿ ಕುಂತಿರತಾನ,” ಎಂದ ಮೆಲ್ಲಗೆ. ಆಮೇಲೆ ಭಾವಮೈದುನನಿಗೆ, “ಆ ಕೊಡ್ಲಿ ಒಳಗ ಇಡೋ,” ಎಂದ. ನನಗೆ, “ನಾ ಇವತ್ತ ಮನಿ ಬಿಟ್ಟು ಹೊರಗ ಬರಂಗಿಲ್ಲ ಅಂತ ಅವಗ ಹೇಳ್ರಿ. ನನ್ನ ಹೆಸರ ಹೇಳೇ ಹೇಳ್ರಿ.”

ಕೆಳಗಿನ ಓಣಿಯ ಮೋಟರ್ ಅಂಗಡಿ ತೆರೆದೇ ಇತ್ತು. ಮೂವತ್ತರ ಹರೆಯದವನೊಬ್ಬ ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಕೆಳಗಿನ ಸಾಲಿನ ನಡುವಿನ ಮುಖ. ಸುತ್ತು ಎಣಿಸುತ್ತಿದ್ದುದರಿಂದ ತಲೆ ಎತ್ತಲಿಲ್ಲ. ಎಣಿಕೆ ಮುಗಿಯುವವರೆಗೆ ನಾವು ನಿಂತೇ ಇದ್ದೆವು. ಈ ಸಲ ನಾನು ಕ್ರಮವಾಗಿ ಹೇಳಲಿಲ್ಲ, ತೊದಲಿದೆ.

“ಗೊತ್ತೈತಿ,” ಎಂದ. “ಹಳೇ ಫೋಟೋ. ಅಪ್ಪನ ಮೊದಲನೇ ವರ್ಷದ ಫ್ಲೆಕ್ಸಿಂದು. ಮುಂಜಾನೆ ನೋಡಿದ ಕೂಡ್ಲೆ ಗೊತ್ತಾತು.”

“ಮತ್ತ ನಮ್ಮದಲ್ಲ ಅಂತ ಯಾಕ ಹೇಳ್ಲಿಲ್ರಿ?”

“ಯಾರ ಮುಂದ ಹೇಳ್ಲಿ? ಮುಂಜಾನಿಂದ ಚಾದಂಗಡ್ಯಾಗ ಮಂದಿ ನನ್ನ ನೋಡಿ ಎದ್ದ ನಿಂದರಾಕ್ಹತ್ಯಾರ. ಎಂಟು ವರ್ಷದಾಗ ಒಬ್ರೂ ನಿಂತಿಲ್ಲ.” ತಂತಿಯ ತುದಿ ಕತ್ತರಿಸಿದ. “ಹೆಂಡತಿನ್ನ ತವರಿಗೆ ಕಳಿಸೇನಿ. ಮ್ಯಾಲಿನ ಓಣಿಯವ್ರು ಬಂದ್ರ ಬರ್ಲಿ ಅಂತ ಅಂಗಡಿ ತಗದು ಕುಂತೇನಿ.”

ಮೇಲಿನ ಓಣಿಯವನು ಹೇಳಿ ಕಳಿಸಿದ ಮಾತನ್ನು ಹೇಳಿದೆ. ಅವನ ಕೈ ನಿಂತಿತು. ತಂತಿಯ ಸುರುಳಿ ಕೆಳಗಿಟ್ಟ.

“ಆ ಸಾಲು ಯಾರು ಬರದ್ರು?”

ಅಂಗಡಿಯವರು ಎನ್ನಬಹುದಿತ್ತು. ನಿರ್ದೇಶಕರು ಎನ್ನಬಹುದಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದರು.

“ನಾ ಬರದೇನಿ.”

“ಚಂದ ಬರದೀರಿ,” ಎಂದ. ವ್ಯಂಗ್ಯ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. “ನಮ್ಮಪ್ಪನ ಕುಣಿ ಮಣ್ಣು ಆರಿತ್ರಿ. ಅದರ ಮ್ಯಾಲ ಹುಲ್ಲು ಬೆಳದೈತಿ. ನೀವು ಮತ್ತ ಹಸಿ ಮಾಡಿದ್ರಿ.”

ಇದಕ್ಕೆ ವಿರೋಧವಾಗಿ ಮಾತಾಡು ಎಂದರೆ ಇವತ್ತಿಗೂ ನನ್ನಲ್ಲಿ ಮಾತಿಲ್ಲ.

ಏನು ಮಾಡಬೇಕು ಹೇಳಿ ಎಂದೆ. ಫ್ಲೆಕ್ಸ್ ಕೊಡಿ ಎಂದ. ಬಾಕಿ ಉಳಿದ ಎರಡು ಶಾಟ್ ನೆನಪಾದವು. ಕೊಟ್ಟೆ. ನಮ್ಮ ಕಡೆ ಹಳೆಯ ಫ್ಲೆಕ್ಸ್ ಎಂದರೆ ಮಳೆಗೆ ಹೊದಿಸುವ ತಾಡಪತ್ರಿ. ಅಂಗಡಿಯ ಹಿಂದಿನ ಕಣಕಿಯ, ಅಂದರೆ ಒಣ ಜೋಳದ ದಂಟಿನ, ಬಣವೆಯ ಮೇಲೆ, ಅಕ್ಷರ ಕೆಳಗೆ ಮಾಡಿ, ಬಿಳಿ ಬದಿ ಆಕಾಶಕ್ಕೆ ತೋರುವಂತೆ ನಾವೆಲ್ಲ ಸೇರಿ ಎಳೆದು ಹೊದಿಸಿದೆವು. ಗಾಳಿಗೆ ಒಂದು ಮೂಲೆ ಎದ್ದು, ನನ್ನ ಸಾಲಿನ ಅರ್ಧ ಕಂಡಿತು. ಅವನು ದೊಡ್ಡ ಕಲ್ಲೊಂದನ್ನು ಹಗ್ಗದಲ್ಲಿ ಬಿಗಿದು ಆ ಮೂಲೆಗೆ ಜೋತುಬಿಟ್ಟ. ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಅವರಿಗೆ ನೋಡಲು ಸಿಕ್ಕಿದ್ದು ಬಣವೆ ಮತ್ತು ಅರ್ಧ ಮೀಸೆಯ ಹೆಣ.

ಹೊಸ ಫ್ಲೆಕ್ಸಿಗೆ ಮತ್ತೆ ಇಳಕಲ್ಲಿಗೆ ಹೋದೆ. ಚಾಚಾ ‘ನಾ ಹೇಳಿದ್ದಿಲ್ಲೇನು’ ಎನ್ನಲಿಲ್ಲ. ಕ್ಯಾಮೆರಾ ತೆಗೆದು, “ಕುಂದ್ರು ಬೇಟಿ, ಈ ಸಲ ಕೆಳಗಿನ ಸಾಲಿಗೆ ನಿಮ್ಮ ಮಂದೀನ ಹಾಕೂಣು,” ಎಂದರು. ನನ್ನ ಫೋನಿನಲ್ಲಿದ್ದ ಲೈಟಿನವರು, ಡ್ರೈವರ್, ನಿರ್ದೇಶಕರ ಫೋಟೋಗಳೆಲ್ಲ ಸೇರಿ ಹನ್ನೊಂದು. ಆರನೆಯದು ನನ್ನದು. ನನ್ನ ಸಾಲಿನ ಜಾಗದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದಿತ್ತು. ಎಲ್ಲ ಶಾಟ್ ಮತ್ತೆ ತೆಗೆದೆವು. ನಿರ್ದೇಶಕರು ಇದರಲ್ಲಿ ಹೆದರಿಕೆ ಕಾಣುತ್ತಿಲ್ಲ ಎಂದಾಗ ನಾನು ವಾದ ಮಾಡಲಿಲ್ಲ.

ಅಕ್ಕನಿಗೆ ಆಗಾಗ ಫೋನ್ ಮಾಡುತ್ತೇನೆ. ಮಳೆ, ಮಕ್ಕಳು, ಮತ್ತೆ ಯಾವಾಗ ಅಳುವ ಪಾರ್ಟು ಎಂದೆಲ್ಲ ಮಾತಾಡಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ.

“ಅಕ್ಕಾರ, ಬಣವಿ ಮೂಲ್ಯಾಗಿನ ಕಲ್ಲು ಐತೇನ್ರಿ?”

“ಐತಿ ತಂಗಿ.”

“ನೋಡಿ ಹೇಳಾಕ್ಹತ್ತೀರೇನ್ರಿ?”

ಆಗ ಅವರು ಬೈದುಕೊಳ್ಳುತ್ತಲೇ ಎದ್ದು ಹೊರಗೆ ಹೋಗುತ್ತಾರೆ. ಚಪ್ಪಲಿಯ ಸದ್ದು ಕೇಳುತ್ತದೆ. ಅವರು ಅಲ್ಲಿಗೆ ಮುಟ್ಟುವವರೆಗೆ ನಾನು ಫೋನ್ ಕಿವಿಗೊತ್ತಿ ಕಾಯುತ್ತೇನೆ.